ಜಾಲಪುಟದ ಕಾಣದ ದೋಷಗಳು

ಗಣಕದ ತೆರೆಯ ಮೇಲೆ ಒಂದು ಜಾಲಪುಟ ಅಂದವಾಗಿ ಮೂಡಿತೆಂದ ಮಾತ್ರಕ್ಕೆ ಅದರ ರಚನೆ ನಿರ್ದುಷ್ಟವಾಗಿದೆಯೆಂದು ಹೇಳಲಾಗದು. ಪುಟದ ಹಿಂದೆ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯ ಬರಹವಿರುತ್ತದೆ. ಶೀರ್ಷಿಕೆ ಯಾವುದು, ವಾಕ್ಯವೃಂದ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ‘ಟ್ಯಾಗ್’ ಎಂಬ ಗುರುತುಗಳು ತಿಳಿಸುತ್ತವೆ. ಸಾಮಾನ್ಯವಾಗಿ ತೆರೆದ ಗುರುತನ್ನು ಮುಚ್ಚಬೇಕು; ಒಳಗಿನದನ್ನು ಮುಚ್ಚಿದ ಬಳಿಕವೇ ಹೊರಗಿನದನ್ನು ಮುಚ್ಚಬೇಕು.

ಈ ನಿಯಮ ತಪ್ಪಿದರೂ ಬ್ರೌಸರ್ ದೂರುವುದಿಲ್ಲ. ಪುಟವನ್ನು ಹೇಗೋ ಸರಿಹೊಂದಿಸಿ ತೋರಿಸಿಬಿಡುತ್ತದೆ. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಎಂಬ ರೂಪ ಹೀಗಿರಲಿಲ್ಲ. ಅದರ ನಿಯಮದಂತೆ ಓದಿಸಿದರೆ, ಮುಚ್ಚದ ಒಂದೇ ಗುರುತಿಗಾಗಿ ಪುಟದ ಬದಲು ದೋಷಸೂಚನೆ ಕಾಣಿಸುತ್ತಿತ್ತು. ಅಷ್ಟು ನಿಷ್ಠುರತೆ ಜನರ ಬಳಕೆಗೆ ಒಗ್ಗಲಿಲ್ಲ. 2014ರ ಎಚ್‌ಟಿಎಂಎಲ್ 5 ತಪ್ಪು ಬರಹವನ್ನೂ ಎಲ್ಲ ಬ್ರೌಸರುಗಳು ಒಂದೇ ಬಗೆಯಲ್ಲಿ ಓದುವ ಕ್ರಮವನ್ನು ವಿಧಿಸಿತು. ಈ ಉದಾರತೆ ಒಳ್ಳೆಯದೇ. ಆದರೆ ಅದರ ಮರೆಯಲ್ಲಿ ದೋಷ ಹಾಗೆಯೇ ಉಳಿಯುತ್ತದೆ.

ಉಳಿದರೆ ಯಾರಿಗೆ ನಷ್ಟ? ದೃಷ್ಟಿಹೀನರು ಪುಟವನ್ನು ನೋಡುವುದಿಲ್ಲ. ತೆರೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಅದನ್ನು ಕೇಳುತ್ತಾರೆ. ಪುಟದ ತಲೆಯಲ್ಲೊಂದು, ಅಡಿಯಲ್ಲೊಂದು ಹುಡುಕುವ ಪೆಟ್ಟಿಗೆಯಿದ್ದು ಎರಡಕ್ಕೂ ಒಂದೇ ಗುರುತುಹೆಸರು ಕೊಟ್ಟಿದ್ದರೆ, ಎರಡರ ಪಕ್ಕದ ‘ಹುಡುಕಿ’ ಎಂಬ ಬರಹವೂ ಮೊದಲನೆಯ ಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ. ಎರಡನೆಯದು ಹೆಸರಿಲ್ಲದೆ ನಿಲ್ಲುತ್ತದೆ. ಕಣ್ಣುಳ್ಳವರಿಗೆ ಈ ತೊಡಕು ತಿಳಿಯುವುದೇ ಇಲ್ಲ.

ಇಂತಹ ದೋಷಗಳನ್ನು ಹುಡುಕಿಕೊಡುವ ಸಾಧನವೇ ವ್ಯಾಲಿಡೇಟರ್. ಟಿಮ್ ಬರ್ನರ್ಸ್-ಲೀ 1994ರಲ್ಲಿ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದನ್ನು ಉಚಿತವಾಗಿ ಒದಗಿಸುತ್ತದೆ. ಪುಟದ ವಿಳಾಸ ಕೊಟ್ಟರೆ, ಯಾವ ಸಾಲಿನಲ್ಲಿ ಏನು ತಪ್ಪಿದೆಯೆಂದು ಅದು ಪಟ್ಟಿ ಮಾಡುತ್ತದೆ. ಪಟ್ಟಿಯ ಉದ್ದ ಕಂಡು ಎದೆಗುಂದಬೇಕಾಗಿಲ್ಲ. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಅದರ ಮುಂದಿನ ಸರಿಯಾದ ಬರಹವೂ ತಪ್ಪಾಗಿ ತೋರುತ್ತದೆ. ಆದುದರಿಂದ ಮೊದಲನೆಯ ದೋಷವನ್ನು ತಿದ್ದಿ ಮತ್ತೆ ಪರೀಕ್ಷಿಸುವುದೇ ಜಾಣತನ. ಎಷ್ಟೋ ವೇಳೆ ಉಳಿದವು ತಾವಾಗಿಯೇ ಮಾಯವಾಗುತ್ತವೆ.

ಜಾಲತಾಣದ ಎಲ್ಲ ಪುಟಗಳಿಗೂ ರೂಪ ಕೊಡುವ ಅಚ್ಚಿಗೆ ‘ಥೀಮ್’ ಎಂದು ಹೆಸರು. ಅಚ್ಚಿನ ಮೊಳೆಯೊಂದು ಮುರಿದಿದ್ದರೆ ಪುಸ್ತಕದ ಪ್ರತಿಯೊಂದು ಪ್ರತಿಯಲ್ಲಿಯೂ ಆ ಅಕ್ಷರ ಊನವಾಗುವಂತೆ, ಥೀಮಿನ ತಪ್ಪು ಪುಟಪುಟದಲ್ಲಿಯೂ ಮರಳಿ ಬರುತ್ತದೆ. ಅದನ್ನು ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತೆ. ಆದರೆ ಆ ಒಂದೆಡೆ ಯಾವುದೆಂದು ತಿಳಿಯುವುದೇ ಕಷ್ಟ. 2003ರಲ್ಲಿ ಬಂದ ವರ್ಡ್‌ಪ್ರೆಸ್‌ನ ಎಷ್ಟೋ ಥೀಮುಗಳಲ್ಲಿ ಪುಟದ ತಲೆ, ನಡು, ಅಡಿಗಳು ಬೇರೆ ಬೇರೆ ಕಡತಗಳಲ್ಲಿರುತ್ತವೆ. ತಲೆಯ ಕಡತದಲ್ಲಿ ತೆರೆದ ಗುರುತು ಅಡಿಯ ಕಡತದಲ್ಲಿ ಮುಚ್ಚಿಕೊಳ್ಳುತ್ತದೆ. ಒಂದನ್ನೇ ನೋಡಿದವನಿಗೆ ಸರಿಯಾದುದೂ ತಪ್ಪೆನಿಸೀತು. ವ್ಯಾಲಿಡೇಟರ್ ಹೇಳುವ ಸಾಲಿನ ಸಂಖ್ಯೆಯಾದರೋ ಜೋಡಿಸಿ ಮುಗಿದ ಪುಟದ್ದು, ಕಡತದ್ದಲ್ಲ. ಆ ಸಾಲಿನ ಸುತ್ತಲಿನ ಮಾತುಗಳನ್ನು ಹಿಡಿದು ಮೂಲವನ್ನು ಅರಸಬೇಕು.

ಇಷ್ಟಾದರೂ ವ್ಯಾಲಿಡೇಟರಿನ ದೃಷ್ಟಿಗೆ ಒಂದು ಮಿತಿಯುಂಟು. ಚಿತ್ರಕ್ಕೆ ಬದಲಿ ಬರಹವಿಲ್ಲದಿದ್ದರೆ ಅದು ಎಚ್ಚರಿಸುತ್ತದೆ. ಬರೆದುದು ತಕ್ಕುದೇ ಎಂಬುದನ್ನು ಅರಿಯದು. ಗೋಳಗುಮ್ಮಟದ ಚಿತ್ರಕ್ಕೆ ‘ಚಿತ್ರ’ ಎಂದಷ್ಟೇ ಬರೆದರೂ ಪುಟ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಕೇಳುತ್ತಿರುವ ದೃಷ್ಟಿಹೀನನಿಗೆ ಮಾತ್ರ ಗುಮ್ಮಟದ ಸುಳಿವೇ ದೊರೆಯುವುದಿಲ್ಲ.