ಆನಂದಪುರದಲ್ಲಿ ಹುಲಿ, ಅದೂ ಅಮೆರಿಕದಲ್ಲಿ!

ಸಾಗರದ ಹತ್ತಿರದ ಆನಂದಪುರವಲ್ಲ ಸ್ವಾಮಿ, ಇದು ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು ಕಟ್ಟಿದ ಆನಂದಪುರ. 1998ರ ಏಪ್ರಿಲ್ 22ರಂದು ಬಾಗಿಲು ತೆರೆದ ‘ಅನಿಮಲ್ ಕಿಂಗ್‌ಡಮ್’ ಎಂಬ ಪಾರ್ಕಿನಲ್ಲಿದೆ. ಅರ್ಧ ಮೃಗಾಲಯ, ಅರ್ಧ ಜಾತ್ರೆ. ನಡುವೆ 145 ಅಡಿಯ ಮಹಾವೃಕ್ಷ, ಮೈತುಂಬ ಪ್ರಾಣಿಗಳ ಕೆತ್ತನೆ. ಒಳಗೆ ಮಾತ್ರ ಉಕ್ಕು!

ಮಗಳ ಮನೆಗೆಂದು ಹೋದ ನಮ್ಮ ಕಡೆಯ ನಿವೃತ್ತ ಮೇಷ್ಟ್ರು ದಂಪತಿಗೆ ಅಂದು ಪ್ರವಾಸದ ಕೊನೆಯ ದಿನ. ರಾತ್ರಿಗೆ ವಿಮಾನ. ಬಿಸಿಲೇರಿದರೆ ಪ್ರಾಣಿಗಳು ನೆರಳು ಸೇರುತ್ತವೆಂದು ಬೆಳಿಗ್ಗೆಯೇ ಸಫಾರಿ ಲಾರಿ ಹತ್ತಿದರು. ಆನೆ, ಜಿರಾಫೆ, ಘೇಂಡಾಮೃಗ ಎಲ್ಲ ಸಿಕ್ಕವು. ಆದರೆ ಅದು ಆಫ್ರಿಕಾ ವಿಭಾಗ, ಅಲ್ಲಿ ಹುಲಿ ಎಲ್ಲಿಂದ ಬರಬೇಕು? ಅಮ್ಮನವರಿಗೆ ಬೇಕಾದದ್ದು ಹುಲಿ.

ಹುಲಿಯ ದಾರಿಯಲ್ಲೇ ಮೇಷ್ಟ್ರ ಕಣ್ಣಿಗೆ ಎವರೆಸ್ಟ್ ಬಿತ್ತು. 2006ರಲ್ಲಿ ಆರಂಭವಾದ, ಹತ್ತಿರ ಹತ್ತಿರ 200 ಅಡಿಯ ಕೃತಕ ಪರ್ವತ. ಮುಂದೆ ಹೋದ ರೈಲು ಕತ್ತಲಲ್ಲಿ ಹಿಂದಕ್ಕೆ ಓಡುತ್ತದೆ.

“ಒಂದ್ಸಲ ಕೂತು ಬರ್ತೀನಿ ಕಣೆ.”

“ಬೈಪಾಸ್ ಆಗಿ ಎರಡು ವರ್ಷ ಆಗಿಲ್ಲ. ಆ ಬೋರ್ಡು ಓದ್ರೀ!”

ಹೃದಯದ ತೊಂದರೆಯಿರುವವರು ಹತ್ತಬಾರದೆಂದು ಸ್ಪಷ್ಟವಾಗಿಯೇ ಬರೆದಿತ್ತು. ಮೇಷ್ಟ್ರ ಮುಖ ಸಣ್ಣದಾಯಿತು. ನೋಡಲಾರದೆ ಅಮ್ಮನವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯೂನಲ್ಲಿ ನಿಂತರು! ಇಳಿದು ಬಂದಾಗ ಕೂದಲು ದಿಕ್ಕಾಪಾಲು.

“ಒಳಗಡೆ ಯೇತಿ ಹೆಂಗಿದೆಯೇ?”

“ಕಣ್ಣು ಮುಚ್ಕೊಂಡಿದ್ದೆ, ನಂಗೇನು ಗೊತ್ತು?”

ಗಂಟೆ ಮೂರು. ಇಬ್ಬರೂ ಹುಲಿಯತ್ತ ದೌಡು. ಹಾಳು ಅರಮನೆ, ಬಣ್ಣ ಸುಲಿದ ಗೋಡೆ, ಎಲ್ಲವೂ ಹೊಸದಾಗಿ ಕಟ್ಟಿದ ಹಳತು. ಹುಲಿ ಮಾತ್ರ ಅಸಲಿ. ಅದು ಬೆನ್ನು ತಿರುಗಿಸಿ ಮಲಗಿತ್ತು.

“ಏಳುತ್ತೆ, ಐದು ನಿಮಿಷ ಇರ್ರೀ” ಎಂದರು ಅಮ್ಮನವರು. ಮೇಷ್ಟ್ರು ಗಡಿಯಾರ ನೋಡಲಿಲ್ಲ.