ಹಡಗಿನ ಪೆಟ್ಟಿಗೆಯಲ್ಲಿ ಮಾವನ ವರ್ಕ್‌ಶಾಪ್

ಪಣಂಬೂರು ಬಂದರಿನ ಕಡೆ ಹೋಗುವ ಲಾರಿಗಳ ಮೇಲೆ ದೊಡ್ಡ ಕಬ್ಬಿಣದ ಪೆಟ್ಟಿಗೆ ನೋಡಿದ್ದೀರಲ್ಲ, ಅದೇ ಕಂಟೇನರ್. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬುವರು ಇಂಥ 58 ಪೆಟ್ಟಿಗೆಗಳನ್ನು ಒಂದೇ ಹಡಗಿನಲ್ಲಿ ಕಳಿಸಿದರು. ಆಮೇಲೆ ಲೋಕವೆಲ್ಲ ಹರಡಿತು.

ನಮ್ಮ ಮಾವ ಹಳೆಯದೊಂದನ್ನು ಕೊಂಡು ಹಿತ್ತಲಲ್ಲಿ ವರ್ಕ್‌ಶಾಪ್ ಮಾಡಿದ್ದಾರೆ. ಉದ್ದ 20 ಅಡಿ, ಅಗಲ 8 ಅಡಿ. ಖಾಲಿ ಪೆಟ್ಟಿಗೆಯೇ 2 ಟನ್ನಿಗಿಂತ ಹೆಚ್ಚು ತೂಕ, ಕ್ರೇನ್ ಬೇಕೇ ಬೇಕು. ಭಾರವೆಲ್ಲ ನಿಲ್ಲೋದು ನಾಲ್ಕು ಮೂಲೆಗಳ ಮೇಲೆ. ಅದಕ್ಕೆ ಮೂಲೆಗೊಂದು ಕಾಂಕ್ರೀಟ್ ಕಟ್ಟೆ ಕಟ್ಟಿ ಮಟ್ಟ ನೋಡಬೇಕು. ಒಂದು ಮೂಲೆ ತಗ್ಗಾದರೂ ಬಾಗಿಲು ಸರಿಯಾಗಿ ಕೂರೋದಿಲ್ಲ.

ಈ ಬಾಗಿಲಿನ ಸರಳುಗಳು ಇರೋದು ಹೊರಗಡೆ ಮಾತ್ರ. ಒಳಗಿನಿಂದ ತೆಗೆಯಲು ಆಗೋದೇ ಇಲ್ಲ! ಕಳೆದ ರಜೆಯಲ್ಲಿ ನಾನು ಒಳಗೆ ಅಡಗಿದ್ದಾಗ ತಂಗಿ ತಮಾಷೆಗೆ ಸರಳು ಹಾಕಿಬಿಟ್ಟಳು. ಕಗ್ಗತ್ತಲೆ, ಒಲೆಯಂಥ ಸೆಖೆ. ಕೂಗಿ ಕೂಗಿ ಗಂಟಲು ಕಟ್ಟಿತು. ಅತ್ತೆ ಓಡಿ ಬಂದು ತೆಗೆದರು. ಮರುದಿನವೇ ಮಾವ ಪಕ್ಕದ ಗೋಡೆ ಕೊಯ್ದು ಒಳಗಿನಿಂದಲೂ ತೆಗೆಯುವ ಬಾಗಿಲಿಟ್ಟರು. ಗೋಡೆಯ ತಗಡು ಮಡಿಕೆ ಮಡಿಕೆಯಾಗಿರೋದೇ ಅದರ ಬಲ. ಕೊಯ್ದರೆ ಬಲ ಹೋಗುತ್ತೆ, ಅದಕ್ಕೆ ಸುತ್ತ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಲೇಬೇಕು.

ಮಳೆಗಾಲದಲ್ಲಿ ಮಾಡು ಸೋರದಿದ್ದರೂ ಒಳಗೆ ನೀರು ತೊಟ್ಟಿಕ್ಕುತ್ತದೆ. ಒಳಗಿನ ಗಾಳಿಯ ತೇವವೇ ತಣ್ಣನೆಯ ತಗಡಿಗೆ ತಾಗಿ ಹನಿಯಾಗೋದು. ಮಾವನ ಸ್ಪ್ಯಾನರುಗಳೆಲ್ಲ ತುಕ್ಕು ಹಿಡಿದವು. ಈಗ ಎದುರುಬದುರು ಗಾಳಿಕಿಂಡಿ ಇವೆ. ಕರೆಂಟಿಗೆ ಅರ್ಥಿಂಗ್ ಸಹ ಹಾಕಿಸಿದ್ದಾರೆ. ತಂತಿ ಎಲ್ಲಾದರೂ ತಾಗಿದರೆ ಇಡೀ ಪೆಟ್ಟಿಗೆಯೇ ಶಾಕ್ ಹೊಡೀಬಹುದು.