ಅಕ್ಷರ ಸರಿ, ಚಿತ್ರ ತಪ್ಪು

ವೆಬ್‌ಪುಟದ ಒಂದು ಬಟನ್ ಮೇಲೆ ‘ರಾಷ್ಟ್ರ’ ಎಂದು ಬರೆದಿದೆ ಎನ್ನಿ. ಬಟನ್ನಿನ ಎತ್ತರ ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಂದಿಸಿದ್ದು. ಷಕಾರದ ಕೆಳಗಿನ ಟಕಾರದ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿದೆ. ಓದುವವರಿಗೆ ಅದು ತಟ್ಟನೆ ಕಾಣುತ್ತದೆ. ಆದರೆ ಪುಟದೊಳಗಿನ ಪಠ್ಯವನ್ನಷ್ಟೇ ತಾಳೆ ನೋಡುವ ಪರೀಕ್ಷೆ ‘ಎಲ್ಲ ಸರಿ’ ಎನ್ನುತ್ತದೆ. ಅದರ ಲೆಕ್ಕಕ್ಕೆ ಸಿಗುವುದು ಯೂನಿಕೋಡ್ ಸಂಕೇತಗಳು, ಅವುಗಳಲ್ಲಿ ಒಂದೂ ಕಳೆದಿಲ್ಲ. ಇಂಥ ತಪ್ಪು ಹಿಡಿಯಲು ಪುಟದ ಚಿತ್ರ ತೆಗೆದು, ಹಿಂದೆ ಒಪ್ಪಿಗೆ ಪಡೆದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಬೇಕು. ವಿಷುಯಲ್ ರಿಗ್ರೆಶನ್ ಟೆಸ್ಟಿಂಗ್ ಮಾಡುವುದು ಇದನ್ನೇ.

ಹೋಲಿಸುವುದು ಸುಲಭ, ಯಾವ ವ್ಯತ್ಯಾಸವನ್ನು ಮನ್ನಿಸಬೇಕು ಎಂಬುದೇ ಕಷ್ಟ. ಈ ವಿದ್ಯೆ ಬೆಳೆದದ್ದೆಲ್ಲ ಆ ಕಷ್ಟದ ಸುತ್ತಲೇ ಎಂದು ನನಗನ್ನಿಸುತ್ತದೆ. ಅಕ್ಷರದ ಅಂಚು ನುಣುಪಾಗಿ ಕಾಣಲೆಂದು ಬ್ರೌಸರ್ ನಡುಬಣ್ಣದ ಚುಕ್ಕೆಗಳನ್ನು ತುಂಬುತ್ತದೆ. ಮ್ಯಾಕ್‌ನಲ್ಲಿ ಅವು ಒಂದು ಬಗೆ, ಲಿನಕ್ಸ್‌ನಲ್ಲಿ ಇನ್ನೊಂದು. ಪಿಕ್ಸೆಲ್‌ಗೆ ಪಿಕ್ಸೆಲ್ ತಾಳೆ ಹಾಕಿದರೆ ಏನೂ ಕೆಡದ ಪುಟವೂ ಕೆಟ್ಟಂತೆಯೇ. ಇದಕ್ಕೊಂದು ದಾರಿ ಸಿಕ್ಕಿದ್ದು ಅನಿಮೇಷನ್ ಸಿನಿಮಾದ ಅಂಗಳದಲ್ಲಿ. 2004ರಲ್ಲಿ ಪಿಡಿಐ/ಡ್ರೀಮ್‌ವರ್ಕ್ಸ್‌ನ ಹೆಕ್ಟರ್ ಯೀ, ಚಿತ್ರ ಮೂಡಿಸುವ ತಂತ್ರಾಂಶದ ಪರೀಕ್ಷೆಗೆ ಮನುಷ್ಯನ ಕಣ್ಣಿನ ಮಿತಿಯನ್ನೇ ಅಳತೆಗೋಲಾಗಿಸಿದರು: ಕಣ್ಣಿಗೆ ಕಾಣದ ವ್ಯತ್ಯಾಸ ಲೆಕ್ಕಕ್ಕಿಲ್ಲ. 2011ರಲ್ಲಿ ಅರಿಯಾ ಹಿದಾಯತ್ ಅವರ ಫ್ಯಾಂಟಮ್‌ಜೆಎಸ್ ಬಂದು, ಪರದೆಯೇ ಇಲ್ಲದೆ ಪುಟದ ಚಿತ್ರ ತೆಗೆಯುವುದು ಸಲೀಸಾಯಿತು. 2013ರಲ್ಲಿ ಗೂಗಲ್‌ನ ಬ್ರೆಟ್ ಸ್ಲಾಟ್ಕಿನ್ ಇಂಥ ಹೋಲಿಕೆಗೆಂದೇ ‘ಡಿಪಿಕ್ಟೆಡ್’ ಎಂಬ ತಂತ್ರಾಂಶ ಹೊರತಂದರು. ಬಿಬಿಸಿ ನ್ಯೂಸ್ ತಂಡದ ‘ರೇತ್’ ಒಂದೇ ಪುಟವನ್ನು ಮೊಬೈಲ್‌ನಿಂದ ಡೆಸ್ಕ್‌ಟಾಪ್‌ವರೆಗಿನ ಹಲವು ಅಗಲಗಳಲ್ಲಿ ಹೋಲಿಸತೊಡಗಿತು. ಮ್ಯಾಪ್‌ಬಾಕ್ಸ್‌ನ ‘ಪಿಕ್ಸೆಲ್‌ಮ್ಯಾಚ್’ ಅಂಚು ನುಣುಪಾಗಿಸುವ ಚುಕ್ಕೆಗಳನ್ನು ಗುರುತಿಸಿ ಬದಿಗಿಡುತ್ತದೆ. ಮಿಕ್ಕ ಬಣ್ಣಭೇದಕ್ಕೆ ಅದು ತಾನಾಗಿ ಇಟ್ಟುಕೊಂಡಿರುವ ಮಿತಿ 0.1.

ಸುಳ್ಳು ಎಚ್ಚರಿಕೆಗಳಿಂದ ಬೇಸತ್ತ ತಂಡ ನೋಡದೆಯೇ ಒಪ್ಪಿಗೆ ಒತ್ತುತ್ತದೆ, ಮತ್ತೇಕೆ ಈ ಪರೀಕ್ಷೆ ಎನ್ನುವವರಿದ್ದಾರೆ. ದೂರು ನಿಜ. ಆದರೆ ಆ ಗದ್ದಲದ ಬಹುಪಾಲನ್ನು ತಡೆಯಬಹುದು. ಎಲ್ಲ ಚಿತ್ರಗಳನ್ನೂ ಒಂದೇ ಬಗೆಯ ಯಂತ್ರದಲ್ಲಿ ತೆಗೆಯಬೇಕು, ಚಲಿಸುವುದನ್ನು ನಿಲ್ಲಿಸಬೇಕು, ದಿನಾಂಕ ಮತ್ತು ಜಾಹೀರಾತನ್ನು ಮುಚ್ಚಬೇಕು, ಇಡೀ ಪುಟದ ಬದಲು ಒಂದೊಂದೇ ಭಾಗವನ್ನು ಹೋಲಿಸಬೇಕು. ಮಿತಿಯನ್ನು ಬೇಕಾಬಿಟ್ಟಿ ಸಡಿಲಿಸುವುದನ್ನು ಮಾತ್ರ ನಾನು ಒಪ್ಪಲಾರೆ, ಏಕೆಂದರೆ ಒಂದು ಒತ್ತಕ್ಷರ ಇಡೀ ಪುಟದಲ್ಲಿ ತೀರಾ ಕೆಲವೇ ಪಿಕ್ಸೆಲ್‌ಗಳ ಬಾಬತ್ತು.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಮೊದಲ ಚಿತ್ರವೇ ಸರಿಯೋ ತಪ್ಪೋ ಯಂತ್ರಕ್ಕೆ ತಿಳಿಯದು. ಇದಕ್ಕೆ ತಾಂತ್ರಿಕ ಉತ್ತರವಿಲ್ಲ. ಕನ್ನಡ ಓದಬಲ್ಲವರೊಬ್ಬರು ಆ ಚಿತ್ರವನ್ನು ನೋಡಿಯೇ ಒಪ್ಪಬೇಕು. ಒತ್ತು ತುಂಡಾದ ‘ರಾಷ್ಟ್ರ’ಕ್ಕೇ ಒಪ್ಪಿಗೆ ಬಿದ್ದಿದ್ದರೆ ಯಂತ್ರ ಆ ತುಂಡನ್ನೇ ಕಾಯುತ್ತದೆ, ಯಾರೋ ಅದನ್ನು ಸರಿಪಡಿಸಿದ ದಿನ ತಪ್ಪಾಗಿದೆ ಎಂದು ಕೆಂಪು ಗುರುತು ಹಾಕುತ್ತದೆ.